ಮೂರು ಮದರ್‌ಬೋರ್ಡು, ಒಂದು ‘ಸರಿಯಿದೆ’ ಚೀಟಿ

“ಮೂರು ಬೋರ್ಡು ತರ್ತೀನಿ. ಮೂರನ್ನೂ ಒಂದೇ ನೊಗಕ್ಕೆ ಕಟ್ತೀನಿ. ಯಾವುದು ಎಳೆಯೋ ಎತ್ತು, ಯಾವುದು ಮಲಗೋ ಎತ್ತು ಅಂತ ಬರೋ ಭಾನುವಾರ ಹತ್ತು ಗಂಟೆಗೆ ಇದೇ ಮೇಜಿನ ಮೇಲೆ ವರದಿ ಇಡ್ತೀನಿ. ಇಡಲಿಲ್ಲವೋ, ಒಂದು ವರ್ಷ ಈ ಸಂಘದ ಸಭೇಲಿ ತುಟಿ ಬಿಚ್ಚೋದಿಲ್ಲ!”

ಹೀಗೆಂದು ಬೈಲಪ್ಪನವರು ಮೇಜು ಗುದ್ದಿದ ರಭಸಕ್ಕೆ ಕಾರ್ಯದರ್ಶಿ ವಾದಿರಾಜರ ಕಾಫಿ ಲೋಟ ಒಂದು ಗೇಣು ಹಾರಿ, ಅರ್ಧ ಕಾಫಿಯನ್ನು ಸಂಘದ ನಡಾವಳಿ ಪುಸ್ತಕಕ್ಕೆ ಕುಡಿಸಿ, ಮತ್ತೆ ಸ್ವಸ್ಥಾನಕ್ಕೆ ಬಂದು ಕೂತಿತು. ವಾದಿರಾಜರು ಬೇಸರಪಡಲಿಲ್ಲ. ಒದ್ದೆ ಪುಟದ ಮೇಲೆಯೇ “ಒಂದು ವರ್ಷ ಮೌನ” ಎಂದು ದಪ್ಪಕ್ಷರದಲ್ಲಿ ಬರೆದು ಅಡಿಗೆರೆ ಎಳೆದರು. ಅವರ ಮುಖದಲ್ಲಿ ಅಂಥ ಬೆಳಕನ್ನು ಆ ಸಂಘದವರು ಹಿಂದೆಂದೂ ಕಂಡಿರಲಿಲ್ಲ!

ಸಂಗತಿ ಇಷ್ಟೆ. ಹೊಸ ತಿಪ್ಪಸಂದ್ರದ ಆ ಅಡ್ಡರಸ್ತೆಯ ನಿವಾಸಿಗಳ ಸಂಘ ತನ್ನ ವಾಚನಾಲಯಕ್ಕೆ ಆರು ಕಂಪ್ಯೂಟರ್ ಜೋಡಿಸಿಕೊಳ್ಳಲು ತೀರ್ಮಾನಿಸಿತ್ತು. ಒಳಗಿನ ಎಲ್ಲ ಭಾಗಗಳನ್ನೂ ಹೊತ್ತು ನಿಲ್ಲುವ ಮದರ್‌ಬೋರ್ಡ್ ಯಾವುದಿರಬೇಕು ಎಂಬ ಮಾತು ಬಂದಾಗ ವಾದಿರಾಜರು, “ಯಾವುದೋ ಒಂದು ಅಗ್ಗದ್ದು ತಂದ್ರಾಯ್ತಪ್ಪ, ಎಲ್ಲಾ ಒಂದೇ ಅಲ್ವೆ?” ಅಂದುಬಿಟ್ಟರು. ಎಲ್ಲಾ ಒಂದೇ! ಅಳೆಯದೆ, ತೂಗದೆ, ಎಲ್ಲಾ ಒಂದೇ! ಬೈಲಪ್ಪನವರ ಮೈ ಮೇಲೆ ಕೆಂಡ ಸುರಿದಂತಾಯಿತು.

ಯಾಕೆಂದರೆ ಬೈಲಪ್ಪನವರು ಸಾಮಾನ್ಯರಲ್ಲ. ಪಕ್ಕದ ವಿಮಾನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಅಳತೆ ಉಪಕರಣಗಳ ತಪಾಸಣಾ ಕೋಣೆಯಲ್ಲಿ ದುಡಿದವರು. ಬೇರೆಯವರು ವಿಮಾನ ಅಳೆದರೆ, ಇವರು ಆ ಅಳತೆಗೋಲುಗಳನ್ನೇ ಅಳೆಯುತ್ತಿದ್ದರು. ಓದಿದ್ದು ಎಸ್ಸೆಸ್ಸೆಲ್ಸಿ. ಮಿಕ್ಕಿದ್ದನ್ನೆಲ್ಲ ನಿಘಂಟು ಪಕ್ಕದಲ್ಲಿಟ್ಟುಕೊಂಡು, ದಪ್ಪ ದಪ್ಪ ಪುಸ್ತಕಗಳ ಜೊತೆ ಒಂಟಿಯಾಗಿ ಗುದ್ದಾಡಿ ಕಲಿತದ್ದು. ನಿವೃತ್ತಿಯಾದ ಮೇಲೆ ಕಂಪ್ಯೂಟರನ್ನೂ ಹಾಗೇ ಕಲಿತರು. ಬಿಚ್ಚುವುದು, ಜೋಡಿಸುವುದು, ಮಿಕ್ಕ ಎರಡು ಸ್ಕ್ರೂಗಳನ್ನು ಬೀಡಾ ಡಬ್ಬಿಯಲ್ಲಿ ಹಾಕಿಡುವುದು.

ಕಾರ್ಖಾನೆಯ ಪದ್ಧತಿಯಂತೆ ತಪಾಸಣೆ ಮಾಡಿದ ಪ್ರತಿ ಉಪಕರಣಕ್ಕೂ ಒಂದು ಬಿಳಿ ಚೀಟಿ ಅಂಟಿಸಬೇಕು: “ತಪಾಸಣೆ ಮಾಡಲಾಗಿದೆ. ಸರಿಯಿದೆ. ಮುಂದಿನ ತಪಾಸಣೆ: —”. ಕೆಳಗೆ ರುಜು. ಕೆಟ್ಟದ್ದಕ್ಕೆ ಕೆಂಪು ಚೀಟಿ: “ತಿರಸ್ಕೃತ”. ನಿವೃತ್ತಿಯಾದ ಮರುವಾರವೇ ಬೈಲಪ್ಪನವರು ಕಮ್ಮನಹಳ್ಳಿಯ ಒಂದು ಪ್ರೆಸ್ಸಿನಲ್ಲಿ ಎರಡೂ ಬಗೆಯ ಚೀಟಿಗಳನ್ನು ಕಂತೆಗಟ್ಟಲೆ ಅಚ್ಚು ಹಾಕಿಸಿ ತಂದರು. ಅಂದಿನಿಂದ ಅವರ ಮನೆಯ ತಕ್ಕಡಿ, ಗೋಡೆ ಗಡಿಯಾರ, ಗ್ಯಾಸ್ ರೆಗ್ಯುಲೇಟರ್, ಅಕ್ಕಿ ಅಳೆಯುವ ಪಾವು, ಜ್ವರದ ಕಡ್ಡಿ, ಎಲ್ಲದರ ಮೈ ಮೇಲೂ ಬಿಳಿ ಚೀಟಿ.

“ಈ ಮನೇಲಿ ಚೀಟಿ ಇಲ್ದೆ ಓಡಾಡ್ತಿರೋದು ನಾನೊಬ್ಳೇ,” ಎನ್ನುತ್ತಿದ್ದರು ಹೆಂಡತಿ ಅಲಮೇಲಮ್ಮ.

“ನಿನ್ನ ತಪಾಸಣೆ ಮಾಡೋ ಧೈರ್ಯ ಯಾವನಿಗೈತೆ?” ಎನ್ನುತ್ತಿದ್ದರು ಬೈಲಪ್ಪ.

ಸೋಮವಾರ ಬೆಳಿಗ್ಗೆಯೇ ಬೈಲಪ್ಪನವರು ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋದರು. ಅಲ್ಲಿ ವಕಾರ್ ಎಂಬ ನಡುವಯಸ್ಸಿನವನ ಕಂಪ್ಯೂಟರ್ ಅಂಗಡಿ. ಮೂರನೇ ಮಹಡಿ, ಲಿಫ್ಟಿಲ್ಲ. ಬೈಲಪ್ಪನವರ ಬಲಮಂಡಿ ಪ್ರತಿ ಮೆಟ್ಟಿಲಿಗೂ ಒಂದು ಆಕ್ಷೇಪಣೆ ಸಲ್ಲಿಸಿತು.

“ಬನ್ನಿ ಚಾಚಾ, ಕೂತ್ಕೊಳ್ಳಿ, ಮೊದ್ಲು ಉಸಿರಾಡಿ,” ಎಂದ ವಕಾರ್. ವಿಷಯ ಕೇಳಿದ ಮೇಲೆ ಅಗ್ಗದ ಪೈಕಿ ಮೂರು ಮದರ್‌ಬೋರ್ಡುಗಳನ್ನು, ಅವಕ್ಕೆ ಹೊಂದುವ ಒಂದು ಹೊಸ ಪ್ರೊಸೆಸರ್, ಮೆಮೊರಿ, ಡಿಸ್ಕಿನ ಸಮೇತ ಮುಂದಿಟ್ಟ. “ಶನಿವಾರದವರೆಗೂ ಇಟ್ಕೊಳ್ಳಿ. ಗೀಚು ಬೀಳ್ಬಾರ್ದು, ಅಷ್ಟೇ. ಆದ್ರೆ ಚಾಚಾ, ನನ್ ಮಾತು ಕೇಳಿದ್ರೆ ಮೂರೂ ಚೆನ್ನಾಗೇ ಇವೆ.”

“ನೀನೂ ವಾದಿರಾಜನ ರಾಗಾನೇ ಹಾಡಬ್ಯಾಡ. ಚೆನ್ನಾಗೈತೆ ಅಂತ ಹೇಳೋದಲ್ಲಪ್ಪ, ತೋರಿಸ್ಬೇಕು.”

ಮೂರು ಬೋರ್ಡುಗಳ ಹೆಸರುಗಳೂ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಕಲಬೆರಕೆ. ನಾಲಿಗೆಗೆ ಹತ್ತುವಂಥವಲ್ಲ. ಬೈಲಪ್ಪನವರು ಬಣ್ಣ ನೋಡಿ ಎತ್ತುಗಳಿಗೆ ಇಡುವಂತೆ ಹೆಸರಿಟ್ಟರು: ಕರಿಯ, ಕೆಂದ, ಪಚ್ಚೆ.

ಮನೆಗೆ ಬಂದವರೇ ಊಟದ ಮೇಜನ್ನು ವಶಪಡಿಸಿಕೊಂಡರು. ಮೇಜಿನ ಮೇಲೆ ಪ್ಲೈವುಡ್ ಹಲಗೆ, ಹಲಗೆಯ ಮೇಲೆ ರಟ್ಟು, ರಟ್ಟಿನ ಮೇಲೆ ಬೋರ್ಡು. ಪಕ್ಕದಲ್ಲಿ ಮಾನಿಟರ್, ಗಾಳಿಗೆ ಟೇಬಲ್ ಫ್ಯಾನು, ದಪ್ಪ ನೋಟ್‌ಬುಕ್ಕು, ಕಿವಿಯ ಮೇಲೆ ಪೆನ್ಸಿಲ್.

“ನೋಡು ಅಲಮೇಲು, ಪರೀಕ್ಷೆಯ ಗುಟ್ಟು ಇಷ್ಟೇ. ಬೋರ್ಡ್ ಒಂದನ್ನೇ ಬದ್ಲಾಯಿಸ್ಬೇಕು. ಮಿಕ್ಕಿದ್ದು ಒಂದೂ ಬದ್ಲಾಗಂಗಿಲ್ಲ. ಅದೇ ಪ್ರೊಸೆಸರ್, ಅದೇ ಮೆಮೊರಿ, ಅದೇ ಡಿಸ್ಕು, ಅದೇ ಕರೆಂಟ್ ಡಬ್ಬ. ಒಂದೊಂದೂ ಆರಾರು ಗಂಟೆ ಉಸಿರುಗಟ್ಟಿ ಓಡ್ಬೇಕು. ಯಾವುದು ನಿಲ್ಲುತ್ತೋ ಅದು ಗೆದ್ದಂಗೆ.”

“ಊಟ ಎಲ್ಲಿ ಮಾಡೋದು?”

“ಮಂಡಿ ಮೇಲೆ ತಟ್ಟೆ ಇಟ್ಕೊಂಡು.”

“ನಿಮ್ಮ ಮಂಡಿ ಮೇಲೆ ಅಮೃತಾಂಜನ ಐತಲ್ಲ, ಅದರ ಮೇಲಾ?”

ಬೈಲಪ್ಪನವರು ಈ ಪ್ರಶ್ನೆಯನ್ನು ದಾಖಲೆಗೆ ತೆಗೆದುಕೊಳ್ಳಲಿಲ್ಲ.

ಕರೆಂಟ್ ಡಬ್ಬ ಎಂದರೆ ಗೋಡೆಯ ಕರೆಂಟನ್ನು ಪಳಗಿಸಿ ಬೋರ್ಡಿಗೆ ಹದವಾಗಿ ಬಡಿಸುವ ತಗಡಿನ ಪೆಟ್ಟಿಗೆ. ಅಂಗಡಿಯವರ ಬಾಯಲ್ಲಿ ಎಸ್‌ಎಂಪಿಎಸ್. ಅದನ್ನು ಮಾತ್ರ ಬೈಲಪ್ಪನವರು ವಕಾರನಿಂದ ತಂದಿರಲಿಲ್ಲ. ಅವರ ಮೊಟ್ಟಮೊದಲ ಕಂಪ್ಯೂಟರಿನ ಡಬ್ಬ ಅದು. ಏಳು ವರ್ಷದ ಹಿಂದೆ ಬಿಚ್ಚಿ, ಒರೆಸಿ, ಅಳೆದು, ಬಟ್ಟೆ ಸುತ್ತಿ ಅಟ್ಟಕ್ಕೆ ಏರಿಸಿದ್ದರು. ಈಗ ಇಳಿಸಿ, ಬೆನ್ನು ತಟ್ಟಿ ಮೇಜಿನ ಮೇಲೆ ಇಟ್ಟರು. “ಇದು ಹಳೇ ಕಾಲದ ಕಬ್ಬಿಣ. ಈಗಿನವು ಇದರ ಮುಂದೆ ಹಪ್ಪಳ.”

ಮಧ್ಯಾಹ್ನ ಎರಡಕ್ಕೆ ಕರಿಯ ಓಟ ಶುರು ಮಾಡಿದ. ಬೈಲಪ್ಪನವರು ಹತ್ತು ನಿಮಿಷಕ್ಕೊಮ್ಮೆ ಶಾಖ ಬರೆದುಕೊಂಡರು. ಮೂರೂ ಮುಕ್ಕಾಲಿಗೆ ಸರಿಯಾಗಿ ಪರದೆ ಕಪ್ಪಾಯಿತು. ಕರಿಯ ಗಪ್‌ಚುಪ್!

“ಇದು ಮಲಗೋ ಎತ್ತು ಅಂತ ಮೂತಿ ನೋಡಿದಾಗಲೇ ಅಂದ್ಕೊಂಡೆ!” ಎಂದು ಬೈಲಪ್ಪನವರು ಕೆಂಪು ಚೀಟಿ ಅಂಟಿಸಿದರು. ತಿರಸ್ಕೃತ.

ಮಂಗಳವಾರ ಕೆಂದ. ಒಂದೂವರೆ ಗಂಟೆ ಓಡಿ ಮಲಗಿದ. ತಿರಸ್ಕೃತ.

ಬುಧವಾರ ಪಚ್ಚೆ. ಗೆಲ್ಲುವವನು ಇವನೇ ಎಂದು ಬೈಲಪ್ಪನವರು ವರದಿಯ ಮೊದಲ ಪುಟವನ್ನು ಬರೆದೂ ಇಟ್ಟಿದ್ದರು. ಟೇಬಲ್ ಫ್ಯಾನನ್ನು ಇನ್ನೂ ಹತ್ತಿರಕ್ಕೆ ಎಳೆದು, ಭರ್ರೆಂದು ತಿರುಗಿಸಿ ಗಾಳಿ ಹಾಕಿದರು. ಎರಡೂ ಕಾಲು ಗಂಟೆ ಓಡಿದ ಪಚ್ಚೆಯೂ ಕಾಲು ಚಾಚಿದ. ತಿರಸ್ಕೃತ!

“ಮೂರು ಮಕ್ಕಳೂ ಫೇಲಾ?” ಅಲಮೇಲಮ್ಮ ಅಡುಗೆಮನೆಯಿಂದ ಇಣುಕಿದರು. “ಹಂಗಾದ್ರೆ ಮೇಷ್ಟ್ರನ್ನ ಒಂದ್ಸಲ ನೋಡ್ಬೇಕಲ್ಲ.”

“ನಿಂಗೇನು ಗೊತ್ತು, ಸುಮ್ನಿರು. ವಕಾರ್ ನಂಗೆ ಕಸ ಸಾಗಹಾಕವ್ನೆ. ನಾಳೆ ಐತೆ ಅವನಿಗೆ ಮಾರಿಹಬ್ಬ.”

ಗುರುವಾರ ಮತ್ತೆ ಬಸ್ಸು, ಮತ್ತೆ ಮೂರು ಮಹಡಿ, ಮತ್ತೆ ಮಂಡಿ. ಮಾರಿಹಬ್ಬ ಮಾಡಲು ಹೋದವರಿಗೆ ಮೇಲೆ ತಲುಪುವಷ್ಟರಲ್ಲಿ ಬೈಯಲು ಉಸಿರೇ ಉಳಿದಿರಲಿಲ್ಲ. ಕೆಂಪು ಚೀಟಿ ಹೊತ್ತ ಮೂರು ಬೋರ್ಡುಗಳನ್ನು ಮೇಜಿನ ಮೇಲೆ ಹರಡಿದರು.

“ಮೂರೂನಾ?” ವಕಾರ್ ಕಣ್ಣರಳಿಸಿದ. “ಅರೆ ಚಾಚಾ, ಒಂದು ಹೋಗ್ಬಹುದು. ಮೂರೂ ಒಟ್ಟಿಗೆ ಹೋಗೋಕೆ ಇವೇನು ಮದ್ವೆಗೆ ಹೊರಟಿದ್ವಾ?”

ಅಂಗಡಿಯ ಮೇಜಿನ ಮೇಲೆ ಮೂರನ್ನೂ ಸಾಲಾಗಿ ಜೋಡಿಸಿ, ತನ್ನ ಡಬ್ಬಗಳಿಂದ ಕರೆಂಟು ಕೊಟ್ಟು ಓಡಿಸಿಬಿಟ್ಟ. ಬೈಲಪ್ಪನವರು ಸ್ಟೂಲಿನ ಮೇಲೆ ಕೂತರು. ಒಂದು ಗಂಟೆ. ಎರಡು ಗಂಟೆ. ಹಾಲಿಲ್ಲದ ಸುಲೈಮಾನಿ ಚಹಾ ಬಂತು, ಹೋಯಿತು. ಮೂರು ಗಂಟೆ. ಕರಿಯ, ಕೆಂದ, ಪಚ್ಚೆ ಮೂವರೂ ಹೊಸದಾಗಿ ಲಾಳ ಕಟ್ಟಿಸಿಕೊಂಡವರ ಹಾಗೆ ಓಡುತ್ತಲೇ ಇದ್ದರು. ಆರು ಗಂಟೆ ಮುಗಿದಾಗಲೂ ಮೂವರ ಶಾಖವೂ ಹೆಚ್ಚುಕಡಿಮೆ ಒಂದೇ. ಬೈಲಪ್ಪನವರು ಮಾತ್ರ ಎರಡು ಸಲ ತೂಕಡಿಸಿ ಸ್ಟೂಲಿನಿಂದ ಜಾರಿದ್ದರು. ಆ ಅಂಗಡಿಯಲ್ಲಿ ಅಂದು ನಿಜವಾಗಿ ಫೇಲಾದ ವಸ್ತು ಅವರೊಬ್ಬರೇ!

“ಚಾಚಾ, ಮನೇಲಿ ಎಸ್‌ಎಂಪಿಎಸ್ ಯಾವುದು?” ಮೆಲ್ಲಗೆ ಕೇಳಿದ ವಕಾರ್.

“ಅದು ನಂದು.”

“ನಿಮ್ದು ಅಂದ್ರೆ, ಯಾವ ಕಂಪನಿ?”

“ನಾನೇ ಕೈಯಾರೆ ತಪಾಸಣೆ ಮಾಡಿದ್ದು ಕಣಯ್ಯಾ! ಅದರ ಸುದ್ದಿಗೆ ಬರಬ್ಯಾಡ.”

ವಕಾರ್ ಹಿರಿಯರ ಮರ್ಯಾದೆ ಬಲ್ಲವನು. ಬೋರ್ಡುಗಳನ್ನು ಡಬ್ಬಿಗೆ ತುಂಬಿ, ಕೆಳಗಿನ ಮೆಟ್ಟಿಲವರೆಗೂ ತಾನೇ ಹೊತ್ತು ತಂದು ಕೊಟ್ಟ.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡ ಬೈಲಪ್ಪನವರಿಗೆ ಹಲಸೂರು ದಾಟುವಷ್ಟರಲ್ಲಿ ಜ್ಞಾನೋದಯವಾಯಿತು. ಬೋರ್ಡು ಸರಿ ಇದೆ. ಡಬ್ಬವಂತೂ ಸರಿಯೇ ಇದೆ, ಅದರಲ್ಲಿ ಮಾತೇ ಇಲ್ಲ. ಹಾಗಾದರೆ ಕೆಟ್ಟಿರುವುದು ಯಾವುದು? ಮನೆ!

ಶುಕ್ರವಾರ ಬೆಳಿಗ್ಗೆ ಮನೆಯ ಮೇಲೆ ದಾಳಿ ಶುರುವಾಯಿತು. ಫ್ರಿಜ್ಜು ಕರೆಂಟನ್ನು ಕುಡಿದುಬಿಡುತ್ತದೆ, ಬಂದ್! ಮಿಕ್ಸಿ ಬಂದ್! ಹೀಗೆ ಕರಿಯನನ್ನು ಓಡಿಸಿದರು. ಒಂದೂ ಮುಕ್ಕಾಲು ಗಂಟೆ ಓಡಿ ಮಲಗಿದ. ಫ್ರಿಜ್ಜಿನೊಳಗಿನ ದೋಸೆ ಹಿಟ್ಟು ಮಾತ್ರ ಎದ್ದು, ಪಾತ್ರೆಯ ಮುಚ್ಚಳವನ್ನು ತಲೆಯ ಮೇಲೆ ಹೊತ್ತು ಬಾಗಿಲವರೆಗೂ ನಡೆದು ಬಂದಿತ್ತು.

ಹಾಗಾದರೆ ನೆಲಕ್ಕೆ ಹೋಗುವ ಅರ್ಥಿಂಗ್ ತಂತಿಯ ಗುಂಡಿ ಒಣಗಿರಬೇಕು. ಬೈಲಪ್ಪನವರು ಎರಡು ಬಕೆಟ್ ನೀರಿಗೆ ಎರಡು ಸೇರು ಉಪ್ಪು ಕಲಸಿ ಹಿತ್ತಲ ಗುಂಡಿಗೆ ಸುರಿದರು. ಗುಂಡಿಯ ಪಕ್ಕದಲ್ಲೇ ಅಲಮೇಲಮ್ಮ ಐದು ವರ್ಷದಿಂದ ಸಾಕಿದ ಕರಿಬೇವಿನ ಗಿಡವಿತ್ತು. ಮಧ್ಯಾಹ್ನ ಕೆಂದ ಮಲಗಿದ. ಸಂಜೆಗೆ ಕರಿಬೇವೂ ತಲೆ ಬಗ್ಗಿಸಿತು.

ಕೊನೆಗೆ ಅವರ ದೃಷ್ಟಿ ಒಲೆಯ ಮೇಲೆ ಬಿತ್ತು.

“ಒಗ್ಗರಣೆ ಹೊಗೆ!” ಎಂದು ಕೂಗಿದರು. “ಎಣ್ಣೆ ಹೊಗೆ ಹೋಗಿ ಬೋರ್ಡಿನ ಮೇಲೆ ಕೂರ್ತಾ ಐತೆ. ಇವತ್ತಿಂದ ಒಗ್ಗರಣೆ ಬಂದ್!”

ಅಲಮೇಲಮ್ಮ ಸೌಟು ಕೆಳಗಿಟ್ಟರು. “ಏನಂದ್ರಿ?”

“ಪರೀಕ್ಷೆ ಮುಗಿಯೋವರ್ಗೂ ಅಷ್ಟೇ ಕಣೆ.”

“ಮೇಜು ಕೊಟ್ಟೆ. ಫ್ರಿಜ್ಜು ಕೊಟ್ಟೆ. ಕರಿಬೇವನ್ನ ಕಳ್ಕೊಂಡೆ. ಈಗ ಒಗ್ಗರಣೆನೂ ಇಲ್ದೆ ಸಾರು ಉಣ್ಣಬೇಕಾ? ಒಗ್ಗರಣೆ ಇಲ್ದಿರೋ ಸಾರು ಪಾತ್ರೆ ತೊಳೆದ ನೀರು ಕಣ್ರೀ!”

“ನನ್ನ ಮಾತು ಹೋಗ್ತದೆ ಅಲಮೇಲು. ವಾದಿರಾಜ ಬುಕ್ಕಲ್ಲಿ ಬರ್ಕೊಂಡವ್ನೆ. ಒಂದು ವರ್ಷ ಬಾಯಿ ಮುಚ್ಕೊಂಡು ಕೂರ್ಬೇಕು.”

ಆ ದನಿಯಲ್ಲಿ ಏನೋ ಇತ್ತು. ಅಲಮೇಲಮ್ಮ ಒಗ್ಗರಣೆ ಸೌಟನ್ನು ಮೊಳೆಗೆ ತಗುಲಿಹಾಕಿದರು. ಇಬ್ಬರೂ ಮಂಡಿಯ ಮೇಲೆ ತಟ್ಟೆ ಇಟ್ಟುಕೊಂಡು ಪಾತ್ರೆ ತೊಳೆದ ನೀರನ್ನು ಉಂಡರು. ಸಾಸಿವೆ ಸಿಡಿಯದ ಆ ಮನೆಯಲ್ಲಿ ಟೇಬಲ್ ಫ್ಯಾನಿನ ಸದ್ದೊಂದೇ. ಎರಡು ಗಂಟೆ ಹತ್ತು ನಿಮಿಷ ಓಡಿ ಪಚ್ಚೆ ಮಲಗಿದ.

ಶನಿವಾರ ಬೈಲಪ್ಪನವರಲ್ಲಿ ಸಿಟ್ಟೂ ಉಳಿದಿರಲಿಲ್ಲ. ಸೋಫಾದ ಮೇಲೆ ಅಂಗಾತ ಬಿದ್ದುಕೊಂಡು ತಿರುಗದ ಸೀಲಿಂಗ್ ಫ್ಯಾನನ್ನೇ ನೋಡುತ್ತಿದ್ದರು. ಅದನ್ನೂ ಅವರೇ ಬಂದ್ ಮಾಡಿಸಿದ್ದರು. ಆರು ದಿನದಲ್ಲಿ ಆರು ವರ್ಷ ವಯಸ್ಸಾದಂತಿತ್ತು. ನೋಟ್‌ಬುಕ್ಕಿನ ಹನ್ನೊಂದು ಪುಟ ತುಂಬಾ ಅಂಕಿಗಳು. ಒಂದಕ್ಕೂ ಅರ್ಥವಿಲ್ಲ.

ಅಲಮೇಲಮ್ಮ ತಕ್ಕಡಿ ಹಿಡಿದುಕೊಂಡು ಬಂದರು. “ರೀ, ಇದರ ಚೀಟಿ ತಾರೀಕು ಮುಗ್ದೈತೆ. ಬೇಳೆ ತೂಗ್ಬಹುದಾ, ಇಲ್ಲ ನಿಮ್ಮ ಅಪ್ಪಣೆ ಬೇಕಾ?”

“ತೂಗ್ಕೋ ಹೋಗು. ನಂಗೇನೂ ಬೇಡ.”

ಅಲಮೇಲಮ್ಮ ಹೋಗಲಿಲ್ಲ. ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಮಾನಿಟರಿಗೆ ಬಿಳಿ ಚೀಟಿ. ಡಿಸ್ಕಿಗೆ ಬಿಳಿ ಚೀಟಿ. ಟೇಬಲ್ ಫ್ಯಾನಿಗೆ ಬಿಳಿ ಚೀಟಿ. ಬೋರ್ಡುಗಳಿಗೆ ಕೆಂಪು ಚೀಟಿ. ಅವರ ಬೆರಳು ಒಂದು ಕಡೆ ನಿಂತಿತು.

“ಈ ತಗಡಿನ ಡಬ್ಬಕ್ಕೆ ಮಾತ್ರ ಯಾಕೆ ಚೀಟಿ ಇಲ್ಲ?”

“ಐತೆ. ಏಳು ವರ್ಷದ ಹಿಂದೆ ಅಟ್ಟಕ್ಕೆ ಹಾಕೋವಾಗ ನಾನೇ ಅಂಟಿಸ್ದೆ. ಜಾಲರಿ ಪಕ್ಕದಲ್ಲಿ ನೋಡು.”

“ಎಲ್ಲೈತ್ರೀ? ಗೋಂದಿನ ಕಲೆ ಮಾತ್ರ ಐತೆ.”

ಬೈಲಪ್ಪನವರು ಎದ್ದು ಕೂತರು. ಮುಂದಿನ ತಪಾಸಣೆ ಆರು ತಿಂಗಳಿಗೆ ಎಂದು ಬರೆದು ಅಂಟಿಸಿದ ನೆನಪು ಬಂತು. ಆರು ತಿಂಗಳು ಹೋಗಿ ಏಳು ವರ್ಷ. ಮೂವತ್ತನಾಲ್ಕು ವರ್ಷ ಊರವರ ಅಳತೆಗೋಲನ್ನೆಲ್ಲ ಅಳೆದವರು, ತಮ್ಮ ಡಬ್ಬವನ್ನು ಒಂದು ಸಲವೂ ಅನುಮಾನಿಸದೆ ಮೂರು ಬೋರ್ಡಿಗೂ ಕಟ್ಟಿದ್ದರು. ಬೋರ್ಡು ಬದಲಾಯಿತು, ದಿನ ಬದಲಾಯಿತು, ಸಾರಿನ ರುಚಿ ಬದಲಾಯಿತು. ಬದಲಾಗದೆ ಉಳಿದ ಹಳೇ ಸಾಮಾನು ಅದೊಂದೇ!

ಪ್ಲಗ್ಗು ಕಿತ್ತು, ಸ್ವಲ್ಪ ಹೊತ್ತು ಆರಲು ಬಿಟ್ಟು, ಡಬ್ಬದ ನಾಲ್ಕು ಸ್ಕ್ರೂ ಬಿಚ್ಚಿದರು. ಒಳಗೆ ಡಬ್ಬವನ್ನು ತಂಪಾಗಿಡಬೇಕಾದ ಪುಟ್ಟ ಫ್ಯಾನು. ಅದರ ರೆಕ್ಕೆಗಳ ಸಂದಿಯಲ್ಲಿ ಸುರುಳಿ ಸುತ್ತಿಕೊಂಡು, ಒಂದು ರೆಕ್ಕೆಯೂ ಅಲ್ಲಾಡದಂತೆ ಗಟ್ಟಿಯಾಗಿ ಸಿಕ್ಕಿಕೊಂಡ ಒಂದು ಕಾಗದ. ಅಟ್ಟದ ಬಿಸಿಗೆ ಗೋಂದು ಒಣಗಿ, ಮೊದಲ ದಿನದ ಗಾಳಿಗೇ ಕಿತ್ತುಕೊಂಡು, ಅಗಲ ಜಾಲರಿಯ ಸಂದಿಯಲ್ಲಿ ನುಸುಳಿ ಒಳಗೆ ಎಳೆಸಿಕೊಂಡಿತ್ತು. ಫ್ಯಾನು ನಿಂತಿದ್ದು, ಡಬ್ಬ ಕಾದಿದ್ದು, ಸುಡುವ ಮೊದಲು ತಾನಾಗಿ ಆರಿಕೊಂಡಿದ್ದು ಎಲ್ಲ ಅದರಿಂದಲೇ. ಅದು ತಿರುಗುತ್ತಿಲ್ಲವೆಂದು ಟೇಬಲ್ ಫ್ಯಾನಿನ ಭರಾಟೆಯಲ್ಲಿ ಕೇಳಿಸುವುದಾದರೂ ಹೇಗೆ?

ಅಲಮೇಲಮ್ಮ ಹುಬ್ಬು ಕೀಳುವ ಚಿಮಟದಿಂದ ಕಾಗದವನ್ನು ಎಳೆದು, ಅಂಗೈ ಮೇಲೆ ಬಿಡಿಸಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು.

“ತಪಾಸಣೆ... ಮಾಡಲಾಗಿದೆ... ಸರಿಯಿದೆ. ರುಜು, ಬೈಲಪ್ಪ!”

ಓದಿ ಮುಗಿಸಿದ್ದೇ ಅಲಮೇಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದರು. ಬಾಗಿಲು ಮುಚ್ಚಿಕೊಂಡಿದ್ದರೂ ನಗು ಕಿಟಕಿಯಿಂದ ಬಂತು. ಹಿಂದೆಯೇ ಸಾಸಿವೆ ಸಿಡಿದ ಚಟಚಟ ಸದ್ದು. ಬೈಲಪ್ಪನವರು ತಡೆಯಲಿಲ್ಲ.

ಭಾನುವಾರ ಹತ್ತು ಗಂಟೆ. ವಾಚನಾಲಯ ಎಂದೂ ಇಲ್ಲದಷ್ಟು ತುಂಬಿತ್ತು. ವಾದಿರಾಜರು ಕಾಫಿ ಕಲೆಯ ಪುಟವನ್ನು ತೆರೆದಿಟ್ಟುಕೊಂಡು, ಲೋಟವನ್ನು ಮಾತ್ರ ದೂರದ ಕಿಟಕಿಯಲ್ಲಿ ಇಟ್ಟು ಬಂದಿದ್ದರು.

“ವರದಿ, ಬೈಲಪ್ಪನವರೇ?”

ಬೈಲಪ್ಪನವರು ಎದ್ದು ನಿಂತರು. ಮೂರನ್ನೂ ಮತ್ತೆ ಆರಾರು ಗಂಟೆ ಓಡಿಸಲು ಹೊತ್ತು ಉಳಿದಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಯಾವುದೋ ಒಂದು ಬೋರ್ಡಿನ ಹೆಸರು ಹೇಳಿ ಕೂತರೆ ಕೇಳುವವರು ಯಾರಿದ್ದರು? ಆದರೆ ತಪಾಸಣೆ ಮಾಡದ್ದಕ್ಕೆ ಸರಿಯಿದೆ ಎಂದು ರುಜು ಹಾಕುವುದು ಈ ಜನ್ಮದಲ್ಲಿ ಅವರಿಂದ ಆಗದ ಕೆಲಸ.

“ಮೂರು ಬೋರ್ಡೂ ಚೆನ್ನಾಗವೆ. ನಮ್ಮ ಕೆಲಸಕ್ಕೆ ಮೂರೂ ಒಂದೇ,” ಎಂದರು. ಆ ಕೊನೆಯ ಮಾತು ಹೇಳುವಾಗ ವಾದಿರಾಜರತ್ತ ಮಾತ್ರ ನೋಡಲಿಲ್ಲ. “ಅಂಗಡಿ ವಕಾರ್ ಆರು ಗಂಟೆ ಓಡಿಸಿ ತೋರಿಸ್ದ. ಇದು ನನ್ನ ಪರೀಕ್ಷೆ ಅಲ್ಲ, ಅವನದು. ನನ್ನ ಪರೀಕ್ಷೇಲಿ ಕೆಟ್ಟಿದ್ದು ನನ್ನ ಡಬ್ಬ. ಕೆಡಿಸಿದ್ದು ನನ್ನ ಚೀಟಿ.” ಜೇಬಿನಿಂದ ಸುರುಳಿಯಾದ ಕಾಗದ ತೆಗೆದು ಮೇಜಿನ ಮೇಲಿಟ್ಟರು. “ಕೊಟ್ಟ ಮಾತಿನಂಗೆ ಇವತ್ತಿಂದ ಒಂದು ವರ್ಷ ಈ ಸಭೇಲಿ ನಾನು ಮೂಗ.” ಕೂತುಬಿಟ್ಟರು.

ಚೀಟಿ ಕೈಯಿಂದ ಕೈಗೆ ದಾಟಿತು. ನಗು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಬೆಂಕಿಯ ಹಾಗೆ ಹಬ್ಬಿತು. ವಾದಿರಾಜರು ಪೆನ್ನಿನ ಮುಚ್ಚಳ ತೆಗೆದು, ಬಲು ನಿಧಾನವಾಗಿ, ಸವಿಯುತ್ತ, “ಹಾಗಾದರೆ ಸಭೆಯ ಒಪ್ಪಿಗೆಯಿಂದ...” ಎಂದು ಬರೆಯತೊಡಗಿದರು.

“ನನ್ನ ಒಪ್ಪಿಗೆ ಇಲ್ಲ!”

ಹೆಂಗಸರ ಸಾಲಿನಲ್ಲಿ ಅಲಮೇಲಮ್ಮ ಎದ್ದು ನಿಂತಿದ್ದರು. ಬೈಲಪ್ಪನವರ ಎದೆ ಉಬ್ಬಿತು. ನಲವತ್ತು ವರ್ಷದ ಸಂಸಾರ! ಗಂಡನ ಮಾನಕ್ಕಾಗಿ ಹೆಂಡತಿ ತುಂಬಿದ ಸಭೆಯಲ್ಲಿ ಎದ್ದು ನಿಂತಿದ್ದಾಳೆ!

“ಸೆಕ್ರೆಟರಿಗಳೇ,” ಎಂದು ಅಲಮೇಲಮ್ಮ ಕೈಮುಗಿದರು. “ಇವರು ಇಲ್ಲಿ ಮಾತಾಡ್ಲಿಲ್ಲ ಅಂದ್ರೆ ಆ ಮಾತೆಲ್ಲ ಎಲ್ಲಿಗೆ ಬರುತ್ತೆ? ಮನೆಗೇ ತಾನೇ? ಈ ವಾರದ್ದೇ ಇನ್ನೂ ನಂಗೆ ಜೀರ್ಣ ಆಗಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ತಿಂಗಳಿಗೊಂದ್ಸಲ ಇಲ್ಲೇ ಮಾತಾಡಿಸಿ ಕಳ್ಸಿ!”

ಕೈ ಎತ್ತಿಸಿದಾಗ ಹೆಂಗಸರ ಸಾಲಿನಲ್ಲಿ ಒಂದು ಕೈಯೂ ಕೆಳಗಿರಲಿಲ್ಲ. ವಾದಿರಾಜರ ಹೆಂಡತಿ ಎರಡೂ ಕೈ ಎತ್ತಿದ್ದರು. ಮೌನವ್ರತ ರದ್ದಾಯಿತು. ವಾದಿರಾಜರು ನಿಟ್ಟುಸಿರಿಟ್ಟು ಅಡಿಗೆರೆ ಎಳೆದಲ್ಲೇ ಅಡ್ಡಗೆರೆ ಎಳೆದರು.

ಮನೆಗೆ ಬಂದಾಗ ಊಟದ ಮೇಜು ಖಾಲಿಯಾಗಿ, ಒರೆಸಿಕೊಂಡು ಹೊಳೆಯುತ್ತಿತ್ತು. ಪಕ್ಕದ ಮನೆಯಿಂದ ಕಡ ತಂದ ಕರಿಬೇವು ಹಾಕಿ ಒಗ್ಗರಿಸಿದ ಸಾರಿನ ಘಮ. ಬೈಲಪ್ಪನವರು ಎರಡು ಸಲ ಬಡಿಸಿಕೊಂಡು ಉಂಡು, ಸೋಫಾಕ್ಕೆ ಒರಗಿ ಕಣ್ಣು ಮುಚ್ಚಿದರು. ದಣಿವು ಎಲುಬಿನವರೆಗೂ ಇಳಿದಿತ್ತು.

ಎದ್ದು ಮುಖ ತೊಳೆಯಲು ಕನ್ನಡಿಯ ಮುಂದೆ ನಿಂತಾಗ ಅಂಗಿಯ ಜೇಬಿನ ಮೇಲೆ ಒಂದು ಹೊಸ ಬಿಳಿ ಚೀಟಿ ಕಂಡಿತು. ಕನ್ನಡಿಯಲ್ಲಿ ತಿರುಗುಮುರುಗಾಗಿದ್ದರಿಂದ ಕಿತ್ತು ಕೈಯಲ್ಲಿ ಹಿಡಿದು ಓದಿದರು. ಅಚ್ಚಾದ ಸಾಲುಗಳ ನಡುವೆ ಹೆಂಡತಿಯ ದುಂಡಕ್ಷರ:

“ತಪಾಸಣೆ ಮಾಡಲಾಗಿದೆ. ಸದ್ಯಕ್ಕೆ ಸರಿಯಿದೆ. ಮುಂದಿನ ತಪಾಸಣೆ: ನಾಳೆ ಬೆಳಿಗ್ಗೆ. ರುಜು, ಅಲಮೇಲು.”